ಹೆಡ್‌ಸೆಟ್ ಕೊಳ್ಳೋ ಮುಂಚೆ ಇದಿಷ್ಟು ಓದ್ರಿ

ಎಲ್ಲರಿಗೂ ಶರಣು. ವಿಮಾನ ಹಾರಿಸಲಿಕ್ಕ ಕಲಿಯೋ ಹೊಸ ಬ್ಯಾಚಿನವರು ಮೂರ್ನಾಕು ಮಂದಿ ಹಾರೋವಾಗ ಹಾಕ್ಕೊಳ್ಳಿಕ್ಕ ಯಾವ ಹೆಡ್‌ಸೆಟ್ ತಗೋಬೇಕಂತ ಕೇಳ್ಲಿಕತ್ತೀರಿ, ಅದಕ್ಕ ಎಲ್ಲರಿಗೂ ಸೇರಿಸಿ ಬರೀತೀನಿ.

ರೇಟ್ ಆಮೇಲೆ. ಮೊದಲು ಸೀನಿಯರ್ ಯಾರದಾದ್ರೂ ಇಸ್ಕೊಂಡು ಅರ್ಧ ತಾಸು ಹಾಕ್ಕೊಂಡು ಕೂಡ್ರಿ, ಎರಡು ನಿಮಿಷದಾಗ ಏನೂ ತಿಳಿಯಂಗಿಲ್ಲ. ನೆತ್ತಿ ಮ್ಯಾಲ ಒಂದೇ ಕಡೆ ಒತ್ತಿದ್ರ ಅದು ನಿಮ್ಮ ತಲೀದಲ್ಲ, ಬಿಡ್ರಿ. ಕಿವಿ ಪೂರಾ ಹೆಡ್‌ಸೆಟ್ಟಿನ ಕಿವಿ ಮುಚ್ಚೋ ಕಪ್ಪಿನ ಒಳಗ ಕೂಡಬೇಕು. ಚಷ್ಮಾ ಇದ್ದವರು ಚಷ್ಮಾ ಹಾಕ್ಕೊಂಡೇ ನೋಡ್ರಿ. ಕಡ್ಡಿ ದಪ್ಪ ಇದ್ರ ಕಪ್ಪಿನ ಅಂಚಿನ ಮೆತ್ತನ ಸೀಲ್ ಎದ್ದು, ಆ ಸಂದ್ಯಾಗಿಂದ ಇಂಜಿನ್ ಸಪ್ಪಳ ನುಗ್ತದ. ನಾ ಎರಡು ತಿಂಗಳು ಹೆಡ್‌ಸೆಟ್ಟಿಗೇ ಬೈದೆ, ತಪ್ಪು ಚಷ್ಮಾದ್ದಿತ್ತು! ತೆಳು ಕಡ್ಡಿ ಹಾಕಿಸಿದ್ಮ್ಯಾಲ ಸರಿಹೋತು.

ಎ.ಎನ್.ಆರ್. (ಸಪ್ಪಳ ತಗ್ಗಿಸೋ ಎಲೆಕ್ಟ್ರಾನಿಕ್ ವ್ಯವಸ್ಥಾ) ಇರೋ ಹೆಡ್‌ಸೆಟ್ ಇಂಜಿನ್ನಿನ ದಪ್ಪ ಗುಂಯ್ ಸಪ್ಪಳಕ್ಕ ಉಲ್ಟಾ ಅಲೆ ಬಿಟ್ಟು ತಗ್ಗಿಸ್ತದ, ಆದ್ರ ಬ್ಯಾಟರಿ ಬೇಕು, ರೊಕ್ಕಾನೂ ಬಾಳ. ಡೇವಿಡ್ ಕ್ಲಾರ್ಕ್ ಎಚ್10-13.4 ಅಂಥ ಎ.ಎನ್.ಆರ್. ಇಲ್ಲದ ಸಾದಾದ್ದು ಕಲಿಯೋರಿಗೆ ಸಾಕು ಅಂತ ನನ್ನ ಅಭಿಪ್ರಾಯ. ಅದು ಬಿಗಿ ಹಿಡೀತದ ಅನ್ನೋರೂ ಇದ್ದಾರ.

ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಗೊತ್ತದ, 40 ಡಿಗ್ರಿ ದಾಟ್ತದ. ಸೀಲಿಗೆ ಬಟ್ಟಿ ಕವರ್ ಹಾಕ್ರಿ, ಬೆವರು ಹೀರ್ತದ.

ಸೆಸ್ನಾದಂಥ ಸಣ್ಣ ವಿಮಾನಕ್ಕ ಎರಡು ಪ್ಲಗ್ಗಿಂದು ಬೇಕು. ಸೆಕೆಂಡ್ ಹ್ಯಾಂಡ್ ನೋಡೋರು ಹುಷಾರು, ಒಂದೇ ಪ್ಲಗ್ಗಿಂದು ಹೆಲಿಕಾಪ್ಟರಿಂದು ಇರ್ತದ. ಮೈಕ್ ತುಟಿಗೆ ತಾಗೀತೋ ಏನೋ ಅನ್ನೋವಷ್ಟು ಹತ್ರ ಬರಬೇಕು.

ಶನಿವಾರ ಸಂಜೀಗೆ ನನ್ನದು ತರ್ತೀನಿ. ಹಾಕ್ಕೊಂಡು ನೋಡೋರು ಇಲ್ಲೇ ಹೆಸರು ಹಾಕ್ರಿ.