ಬಾಗಿಲ ಚಿಲಕ ತೆಗೆಸಿದ ದನಿಗೆ

108 ಆಂಬುಲೆನ್ಸ್ ಕೇಂದ್ರದಲ್ಲಿ ನನ್ನ ಕರೆ ಎತ್ತಿದ ತಂಗಿ, ಹೃದಯಾಘಾತವಾದ ಆ ದಿನ ನಿಮ್ಮ ಹೆಸರು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಂಡತಿ ಸಿಂಧನೂರಿನ ತವರಿಗೆ ಹೋಗಿದ್ದಳು. ಗಂಗಾವತಿಯ ಮನೆಯಲ್ಲಿ ಒಬ್ಬನೇ ಇದ್ದೆ. ನಸುಕಿನಲ್ಲಿ ಎದೆಯ ಮೇಲೆ ಭತ್ತದ ಚೀಲ ಇಟ್ಟ ಹಾಗಾಯಿತು. ರಾತ್ರಿ ತಿಂದ ಮಂಡಕ್ಕಿ ಮಿರ್ಚಿಯ ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಅರ್ಧ ತಾಸು ಕಳೆದೆ. ಆ ಅರ್ಧ ತಾಸನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನೋವು ಎಡಗೈಗೆ, ದವಡೆಗೆ ಹಬ್ಬಿ, ಬೆವರಿನಲ್ಲಿ ಬನಿಯನ್ ತೊಯ್ದಾಗ 108ಕ್ಕೆ ಕರೆ ಮಾಡಿದೆ.

ಬೈಕಿನಲ್ಲಿ ನಾನೇ ಆಸ್ಪತ್ರೆಗೆ ಹೋಗುತ್ತೇನೆ ಎಂದೆ. ‘ಬೇಡ ಅಣ್ಣ, ಕೀಲಿ ಕೆಳಗಿಡಿ’ ಎಂದಿರಿ. ನನಗೆ ಪ್ರಜ್ಞೆ ತಪ್ಪಿದರೂ ಸಿಬ್ಬಂದಿ ಒಳಗೆ ಬರಬೇಕಲ್ಲ, ಅದಕ್ಕೇ ಮೊದಲು ಬಾಗಿಲ ಚಿಲಕ ತೆಗೆಸಿದಿರಿ. ಗೋಡೆಗೆ ಒರಗಿ, ಮೊಣಕಾಲು ಮಡಚಿ ನೆಲದ ಮೇಲೆ ಕುಳಿತೆ. ಜೋರಾಗಿ ಕೆಮ್ಮುತ್ತಿದ್ದರೆ ಜೀವ ಉಳಿಯುತ್ತದೆಯಂತೆ, ಮೊಬೈಲಿನಲ್ಲಿ ಓದಿದ್ದೇನೆ ಎಂದಾಗ ಗದರಿಸಿದಿರಿ. ಆ ಗದರಿಕೆಗೆ ಕೈಮುಗಿಯುತ್ತೇನೆ, ಏಕೆಂದರೆ ಆ ಸುಳ್ಳು ನಮ್ಮ ಓಣಿಯ ಮನೆಮನೆಯಲ್ಲೂ ಇದೆ. ಅಲರ್ಜಿ, ಹೊಟ್ಟೆಹುಣ್ಣು, ರಕ್ತಸ್ರಾವ ಏನೂ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆ ಅಗಿಯಲು ಹೇಳಿದಿರಿ. ಅಗಿದರೆ ಅದು ಬೇಗ ರಕ್ತ ಸೇರಿ, ಹೆಪ್ಪು ಬೆಳೆಯದಂತೆ ತಡೆಯುತ್ತದೆ ಎಂದು ಆಮೇಲೆ ವೈದ್ಯರು ವಿವರಿಸಿದರು.

ಆಂಬುಲೆನ್ಸಿನ ಸದ್ದು ಕೇಳುವವರೆಗೂ ನೀವು ಫೋನ್ ಇಡಲಿಲ್ಲ. ‘ಅಣ್ಣ, ಇದ್ದೀರಾ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದಿರಿ.

ಮೊನ್ನೆ ಹುಲಿಗಿಗೆ ಹೋಗಿದ್ದೆವು. ಹುಲಿಗೆಮ್ಮ ದೇವಿಗೆ ಕಾಯಿ ಒಡೆಸುವಾಗ ಅರ್ಚಕರು ಯಾರ ಹೆಸರಿಗೆ ಎಂದು ಕೇಳಿದರು. ನನ್ನ ತಂಗಿಯ ಹೆಸರಿಗೆ ಎಂದೆ.