ಲಂಗದ ಗೆರೆ

ಉಡುಪಿ, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಬೆಂಗಳೂರು ಮುಟ್ಟಿದೆ ಎಂದು ಅಮ್ಮನಿಗೆ ಮಾತ್ರ ಫೋನ್ ಮಾಡಿದೆ. ಸರಿ, ಸುದ್ದಿ ನನಗೂ ತಲುಪಿತು. ಕಟ್ಟಿಟ್ಟ ಪತ್ರೊಡೆಯನ್ನು ಬಿಟ್ಟು ಹೋದೆಯಲ್ಲ, ಎರಡು ದಿನ ಅದೇ ನನ್ನ ತಿಂಡಿ. ಫೋನಿನಲ್ಲಾದರೆ ನಾನು ಮತ್ತೆ ದನಿ ಏರಿಸುತ್ತೇನೆ ಎಂದು ನಿನ್ನ ಅಮ್ಮನ ಅಂಬೋಣ. ಅದಕ್ಕೇ ಅಂಗಡಿಯ ಬಾಗಿಲು ಎಳೆದುಕೊಂಡು ಕಟ್ಟಿಂಗ್ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಅಷ್ಟಮಿಯ ರಾತ್ರಿ ಯಾರು ಏನು ಹೇಳಿದರೆಂದು ಮತ್ತೆ ಎತ್ತುವುದಿಲ್ಲ. ಆದರೆ ಬೆಂಕಿಕಡ್ಡಿ ಗೀರಿದ್ದು ನನ್ನ ತಪ್ಪು. ನೀನು ಹನ್ನೊಂದು ಟಾಪ್‌ಗಳ ಚೀಲ ತಂದಿಟ್ಟು, ‘ನೆಲ ಒರೆಸಲಿಕ್ಕಾದರೂ ಆದೀತು’ ಎಂದೆ. ನಾನು ಒಂದರಿಂದ ಎಳೆ ಕಿತ್ತು ನಿನ್ನ ಮುಖದೆದುರೇ ಸುಟ್ಟೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತಿತ್ತು. ಅದು ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡಾಗಿ ಗಟ್ಟಿಯಾಯಿತು. ‘ನೀರನ್ನೇ ಸರಿಯಾಗಿ ಹೀರದ ಬಟ್ಟೆ ನೆಲ ಒರೆಸೀತೇ?’ ಎಂದು ನಾನು ಕೇಳಿದ್ದು ತಪ್ಪಲ್ಲ, ಕೇಳಿದ ದನಿ ತಪ್ಪು. ಆಗ ನೀನು ಹೇಳಿದೆ: ‘ನನ್ನ ಲಂಗದ ಗೆರೆಯನ್ನು ಇಡೀ ಶಾಲೆ ನೋಡಿದೆ ಅಪ್ಪ.’

ಐದನೆಯ ತರಗತಿಗೆ ಹೊಲಿದ ನೀಲಿ ಲಂಗ. ಬೆಳೆಯುವ ಮಗು ಎಂದು ಕೆಳಗೆ ನಾಲ್ಕು ಇಂಚು ಮಡಚಿ ಹೊಲಿದಿದ್ದೆ. ಆರನೆಯದಕ್ಕೆ ಎರಡು ಇಂಚು ಬಿಚ್ಚಿದೆ, ಏಳನೆಯದಕ್ಕೆ ಉಳಿದದ್ದನ್ನು. ಮೇಲೆ ಮಾಸಿದ ನೀಲಿ, ಕೆಳಗೆ ಹೊಚ್ಚ ಹೊಸ ನೀಲಿ, ನಡುವೆ ಮಡಿಕೆ ಸವೆದ ಬಿಳಿ ಗೆರೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ, ಹೋಗಲಿಲ್ಲ. ಅದರ ಮೇಲೊಂದು ನೀಲಿ ಪಟ್ಟಿ ಕೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಆದರೆ ಅದು ಜೂನ್ ತಿಂಗಳು, ಮೇಜಿನ ಮೇಲೆ ಊರವರ ಮಕ್ಕಳ ಯೂನಿಫಾರಂ ರಾಶಿ. ನಾಳೆ ಮಾಡಿದರಾಯಿತು ಎನ್ನುತ್ತ ದಸರಾ ರಜೆ ಬಂತು, ಆಮೇಲೆ ಪರೀಕ್ಷೆಯೂ ಬಂತು. ಶಾಲೆಯ ಚೀಲವನ್ನು ಬೆನ್ನಿಗೆ ಹಾಕದೆ ಮೊಣಕಾಲಿನ ಮುಂದೆ ಹಿಡಿದುಕೊಂಡು ನೀನು ಅಂಗಡಿಯೆದುರು ಹಾದು ಹೋಗುತ್ತಿದ್ದೆ. ಪಟ್ಟಿ ಹರಿದಿರಬೇಕು ಎಂದುಕೊಂಡೆ. ಇಲ್ಲ, ಹಾಗೆಂದು ನಂಬಲು ನೋಡಿದೆ. ಚೀಲದ ಪಟ್ಟಿ ಹರಿದಿದ್ದರೆ ಹೊಲಿಯುವವನು ನಾನೇ ಅಲ್ಲವೇ?

ನೀನು ವಾರಕ್ಕೊಂದು ಪಾರ್ಸೆಲ್ ತರಿಸುವುದು ಆ ಗೆರೆಯಿಂದಲೇ ಏನೋ ಎಂದು ಎರಡು ರಾತ್ರಿ ನಿದ್ದೆಗೆಟ್ಟೆ. ‘ಎಲ್ಲಕ್ಕೂ ನೀವೇ ಕಾರಣರಾಗಬೇಕೇ? ಅವಳ ಗೆಳತಿಯರೂ ತರಿಸುತ್ತಾರೆ’ ಎಂದಳು ನಿನ್ನ ಅಮ್ಮ.

ನಿನ್ನೆ ಚೀಲ ಬಿಚ್ಚಿದೆ. ಹನ್ನೊಂದರಲ್ಲಿ ಆರು ಹೊಸದರ ಹಾಗೇ ಇವೆ. ಎರಡಕ್ಕೆ ಪಕ್ಕದ ಹೊಲಿಗೆ ಬಿಟ್ಟಿದೆ. ಒಳಗೆ ಕಾಲು ಇಂಚೂ ಬಟ್ಟೆ ಬಿಡದೆ ಇಂಟರ್‌ಲಾಕ್ ಹೊಡೆದಿದ್ದಾರೆ. ನೀನು ಸ್ವಲ್ಪ ದಪ್ಪಗಾದರೆ ಬಿಚ್ಚಲಿಕ್ಕೆ ಏನಿದೆ ಅದರಲ್ಲಿ? ಈ ಟಾಪ್‌ಗಳ ಪಾಲಿಯೆಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿ ಹಿಡಿದು ಸಮುದ್ರ ಸೇರುತ್ತವೆ. ಮಲ್ಪೆಯ ಬಂಗುಡೆ ತಿನ್ನುವವರು ನಾವು. ಹತ್ತಿಯೂ ಸಾಚಾ ಅಲ್ಲ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಎಂಬ ಲೆಕ್ಕವಿದೆ. ಮೇ ತಿಂಗಳಲ್ಲಿ ನಮ್ಮ ಬಾವಿಯ ತಳ ನೋಡಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯದನ್ನು ಕೊಟ್ಟರೆ ಮತ್ತೆ ಬಟ್ಟೆಯಾಗುತ್ತದೆ ಎಂದೆಯಲ್ಲ, ಹಾಗೆ ಉಡುಪಾಗಿ ಮರಳುವುದು ನೂರಕ್ಕೆ ಒಂದು ಪಾಲೂ ಇಲ್ಲ. ಒಮ್ಮೆ ತೊಟ್ಟ ಮಾತ್ರಕ್ಕೆ ಒಗೆಯಬೇಡ, ಗಾಳಿಗೆ ಹಾಕು. ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಿಗೆ ಹಾಕು, ನೆರಳಿನಲ್ಲಿ ಒಣಗಿಸು. ಗುಂಡಿ ಸಡಿಲಾದ ದಿನವೇ ಎರಡು ಎಳೆ ಹಾಕು, ಕಳೆದ ಮೇಲೆ ಹುಡುಕಬೇಡ.

ನೋಡು, ಭಾಷಣ ಶುರುವಾಯಿತು. ಮೊದಲ ಸಂಬಳದಲ್ಲಿ ಕಿನ್ನಿಗೋಳಿಗೆ ಹೋಗಿ, ತಾಳಿಪಾಡಿ ನೇಕಾರರ ಸಂಘದಲ್ಲಿ ಅಮ್ಮನಿಗೆ ಉಡುಪಿ ಸೀರೆ ಆರಿಸಿ ತಂದವಳು ನೀನು. ಕೈಮಗ್ಗದ ನೇಯ್ಗೆಯನ್ನು ಬೆರಳಲ್ಲಿ ಮುಟ್ಟಿ ಗುರುತಿಸುವ ಮಗಳಿಗೆ ನಾನು ಬಟ್ಟೆಯ ಪಾಠ ಹೇಳುತ್ತಿದ್ದೇನೆ. ಆ ಸೀರೆಯ ಸುದ್ದಿಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಹೊಲಿಗೆ ಬಿಟ್ಟ ಎರಡನ್ನೂ ಸರಿ ಮಾಡಿದ್ದೇನೆ. ಉಳಿದವುಗಳ ಜೊತೆ ನಾಳೆಯ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ತೊಡುವುದೋ ಯಾರಿಗಾದರೂ ಕೊಡುವುದೋ ನಿನಗೆ ಬಿಟ್ಟದ್ದು. ನಿನಗೆಂದು ಕಡುನೀಲಿ ಕೈಮಗ್ಗದ ಬಟ್ಟೆ ಮೂರು ಮೀಟರ್ ತೆಗೆದಿಟ್ಟಿದ್ದೇನೆ, ಬಣ್ಣ ಬೇಡವೆನಿಸಿದರೆ ಹೇಳು. ಪಕ್ಕದಲ್ಲಿ ಒಂದೊಂದು ಇಂಚು ಒಳಗೆ ಬಿಟ್ಟು ಹೊಲಿಯುತ್ತೇನೆ. ಉದ್ದವನ್ನು ಮಾತ್ರ ಈಗಲೇ ಸರಿಯಾಗಿ ಕತ್ತರಿಸುತ್ತೇನೆ.

ನಿನ್ನ ಅಳತೆ ಕಳುಹಿಸು. ನನ್ನ ಪುಸ್ತಕದಲ್ಲಿರುವುದು ಪಿಯುಸಿಯದ್ದು.

ಅಪ್ಪ