ಅಟ್ಟದ ಮೇಲಿರೋ ನಿಟ್ಟಿಂಗ್ ಮಷೀನ್ ಗುಜರಿಗೆ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೆಣಿಗೆ ಬಗ್ಗೆ ಬಂದಿದ್ದ ಲೇಖನ ಓದಿದೆ, ಕೈಯಲ್ಲಿ ಹೆಣೆಯೋರಿಗೆ ಒಳ್ಳೆ ಮಾಹಿತಿ ಇತ್ತು, ಅದಕ್ಕೆ ಥ್ಯಾಂಕ್ಸ್. ಆದ್ರೆ ಮನೆ ಮಷೀನ್‌ನಲ್ಲಿ ಪ್ಲೇನ್ ಸ್ವೆಟರ್ ಬಿಟ್ಟು ಬೇರೇನೂ ಬರಲ್ಲ, ಡಿಸೈನ್ ಬೇಕಂದ್ರೆ ಕಡ್ಡಿ ಹಿಡ್ಕೊಂಡೇ ಕೂರ್ಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದು ಮಾತ್ರ ನಂಗೆ ಒಪ್ಪಿಗೆ ಆಗ್ಲಿಲ್ಲ. ಈ ಮಾತು ತುಂಬಾ ಜನರ ಬಾಯಲ್ಲಿ ಕೇಳಿದೀನಿ, ಈ ಮಾತಿಂದಾನೇ ಎಷ್ಟೋ ಒಳ್ಳೊಳ್ಳೆ ಮಷೀನ್‌ಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗ್ತಿವೆ, ಅದಕ್ಕೇ ಈ ಪತ್ರ.

ಮೊದ್ಲು ಸೂಜಿ ಬಗ್ಗೆ ಹೇಳ್ತೀನಿ, ಯಾಕಂದ್ರೆ ಎಲ್ಲಾ ಅಲ್ಲೇ ಇರೋದು. ತುದಿಯಲ್ಲಿ ಒಂದು ಕೊಕ್ಕೆ, ಅದರ ಹಿಂದೆ ತೆಗೆದು ಮುಚ್ಚೋ ಪುಟ್ಟ ನಾಲಿಗೆ. 1847ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಊರಿನ ಮ್ಯಾಥ್ಯೂ ಟೌನ್‌ಸೆಂಡ್ ಪೇಟೆಂಟ್ ಮಾಡಿಸಿದ್ದು ಇದನ್ನ, ಇವತ್ತು ತಿರುಪ್ಪೂರಿನಲ್ಲಿ ಟೀ ಶರ್ಟ್ ಬಟ್ಟೆ ಹೆಣೆಯೋ ಮಷೀನ್‌ಗಳಲ್ಲೂ ಇದೇ ಜಾತಿ ಸೂಜಿ ಓಡ್ತಿದೆ. ಸೂಜಿಗಳ ಮೇಲೆ ಅತ್ತಿಂದಿತ್ತ ಎಳೆಯೋ ಭಾಗ, ಅಂದ್ರೆ ಕ್ಯಾರೇಜ್, ಎಳೆದಾಗ ಸೂಜಿ ಮುಂದೆ ಬರುತ್ತೆ, ಹಳೆ ಲೂಪ್ ನಾಲಿಗೆ ದಾಟಿ ಹಿಂದಕ್ಕೆ ಸರಿಯುತ್ತೆ, ಹೊಸ ದಾರ ಕೊಕ್ಕೆಗೆ ಬೀಳುತ್ತೆ, ಸೂಜಿ ವಾಪಸ್ ಹೋಗುವಾಗ ಹಳೆ ಲೂಪೇ ನಾಲಿಗೆ ಮುಚ್ಚಿಸಿ ಆಚೆ ಜಾರುತ್ತೆ, ಪ್ಲೇನ್ ಹೆಣಿಗೆ ಅಂದ್ರೆ ಇಷ್ಟೇ. ಈಗ ಸೂಜಿ ಪೂರ್ತಿ ಮುಂದೆ ಬರದೆ ಅರ್ಧಕ್ಕೇ ನಿಂತ್ರೆ ಹಳೆ ಲೂಪ್ ನಾಲಿಗೆ ದಾಟಲ್ಲ, ಹೊಸ ದಾರಾನೂ ಬಂದು ಅದರ ಜೊತೆಗೇ ಕೂರುತ್ತೆ. ಎರಡ್ಮೂರು ಸಾಲು ಹೀಗೇ ದಾರ ಸೇರಿಸಿ ಆಮೇಲೆ ಒಟ್ಟಿಗೆ ಹೆಣೆದುಬಿಟ್ರೆ ಆ ಜಾಗದಲ್ಲಿ ಬಟ್ಟೆ ಎಳೆದುಕೊಂಡು ಉಬ್ಬು ಬರುತ್ತೆ. ಇದಕ್ಕೇ ಟಕ್ ಅನ್ನೋದು.

ಬ್ರದರ್ ಕಂಪನಿಯದ್ದರ ಥರ, ತೂತು ಹೊಡೆದ ಕಾರ್ಡ್ ಹಾಕಿ ಡಿಸೈನ್ ತರೋ ಪಂಚ್‌ಕಾರ್ಡ್ ಮಷೀನ್‌ನಲ್ಲಿ 200 ಸೂಜಿ, ಸೂಜಿಯಿಂದ ಸೂಜಿಗೆ 4.5 ಮಿಲಿಮೀಟರ್, ಕಾರ್ಡಿನ ಅಗಲ 24 ಸೂಜಿ, ಅಂದ್ರೆ ಪ್ರತಿ 24ಕ್ಕೆ ಡಿಸೈನ್ ರಿಪೀಟ್ ಆಗುತ್ತೆ. ಕಾರ್ಡಲ್ಲಿ ತೂತು ಇದ್ದ ಕಡೆ ಹೆಣೆಯುತ್ತೆ, ತೂತು ಇಲ್ಲದ ಕಡೆ ಟಕ್ ಆಗುತ್ತೆ, ಹಾಗಾಗಿ ಟಕ್ ಕಾರ್ಡಲ್ಲಿ ತೂತೇ ಜಾಸ್ತಿ. ಪಕ್ಕಪಕ್ಕದ ಎರಡು ಸೂಜಿ ಟಕ್ ಮಾಡ್ಬಾರ್ದು, ದಾರ ಕೊಕ್ಕೆಯಲ್ಲಿ ನಿಲ್ಲಲ್ಲ, ಸಾಲು ಜಾಸ್ತಿ ಸೇರಿಸಿದ್ರೂ ಕೊಕ್ಕೆ ತುಂಬಿ ಸಿಕ್ಕಾಗುತ್ತೆ. ಒಂದು ಬಿಟ್ಟು ಒಂದು ಸೂಜಿ ಟಕ್ ಮಾಡಿ, ಮುಂದಿನ ಸಲ ಅದನ್ನೇ ಒಂದು ಸೂಜಿ ಪಕ್ಕಕ್ಕೆ ಸರಿಸಿ ಮಾಡ್ತಾ ಹೋದ್ರೆ ಜೇನುಗೂಡಿನ ಥರ ಗುಳಿಗುಳಿ ಬಟ್ಟೆ ಬರುತ್ತೆ, ಅದೂ ನಮ್ಮ ಕಡೆ ಮುಖ ಮಾಡಿರೋ ಉಲ್ಟಾ ಸೈಡಲ್ಲಿ. ಎಷ್ಟೋ ಜನ ಮಷೀನಿಂದ ತೆಗೆದ ತಕ್ಷಣ ಸೀದಾ ಸೈಡ್ ತಿರುಗಿಸಿ ನೋಡಿ ಏನೂ ಬಂದಿಲ್ಲ ಅಂತ ಬಿಚ್ಚಿಹಾಕ್ತಾರೆ, ಅಯ್ಯೋ ಅನ್ಸುತ್ತೆ, ಉಲ್ಟಾ ಸೈಡನ್ನೇ ಹೊರಗೆ ಮಾಡಿ ಹೊಲೀರಿ.

ಕಾರ್ಡ್ ಇಲ್ಲದ ಮಷೀನ್ ಇದ್ರೂ ಪರವಾಗಿಲ್ಲ, ಸಿಲ್ವರ್ ರೀಡ್‌ನ ಎಲ್‌ಕೆ 150 ಅಂತ ಪ್ಲಾಸ್ಟಿಕ್ ಮಷೀನ್ ಇದೆಯಲ್ಲ, 150 ಸೂಜಿ, 6.5 ಮಿಲಿಮೀಟರ್ ಅಂತರ, ಅದರಲ್ಲೂ ನಂಗೆ ಅತ್ಯಂತ ಇಷ್ಟವಾದ ಕೆಲಸ ಮಾಡ್ಬಹುದು. ಎಂಟ್ಹತ್ತು ಸಾಲು ಪ್ಲೇನ್ ಹೆಣೆದು, ಕೆಳಗಿನ ಮೊದಲನೇ ಸಾಲಿನ ಲೂಪ್‌ಗಳನ್ನ ಟ್ರಾನ್ಸ್‌ಫರ್ ಟೂಲ್‌ನಲ್ಲಿ (ಲೂಪ್ ಎತ್ತಿ ಸಾಗಿಸೋ ಪುಟ್ಟ ಸಾಧನ) ಎತ್ತಿ ಅದೇ ಸೂಜಿಗಳಿಗೆ ತಗುಲಿಸಿ ಒಂದು ಸಾಲು ಓಡಿಸಿದ್ರೆ ಮಧ್ಯದ ಬಟ್ಟೆ ಮಡಚ್ಕೊಂಡು ದಪ್ಪ ಏಣು ನಿಲ್ಲುತ್ತೆ. ಅಗಲಕ್ಕೂ ಎತ್ತದೆ ನಾಲ್ಕು ಸೂಜಿಗೊಂದರಂತೆ ಅಲ್ಲಲ್ಲಿ ಎತ್ತಿ, ಮುಂದಿನ ಸಲ ಜಾಗ ಬದಲಾಯಿಸಿದ್ರೆ ಏಣಿನ ಬದಲು ಗುಳ್ಳೆ ಗುಳ್ಳೆ ಬರುತ್ತೆ. ಲೂಪ್ ಎಷ್ಟು ಸಾಲು ಕೆಳಗಿಂದ ಎತ್ತಿದ್ರಿ, ಎಷ್ಟು ಸೂಜಿ ಬಿಟ್ಟು ಎತ್ತಿದ್ರಿ, ಈ ಎರಡನ್ನ ಬದಲಾಯಿಸ್ತಾ ಹೋಗಿ ಸಾಕು, ಒಂದೇ ದಾರದಲ್ಲಿ ಬೇರೆ ಬೇರೆ ಬಟ್ಟೆ ಸಿಗುತ್ತೆ. ಯಾವುದಕ್ಕೂ ಕರೆಂಟ್ ಬೇಡ, ಕಂಪ್ಯೂಟರ್ ಬೇಡ.

ದಾರದ ವಿಷಯ ಅನುಭವದಿಂದ ಹೇಳ್ತೀನಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋದು ಹೆಚ್ಚಿನ ಸಲ ಅಕ್ರಿಲಿಕ್, ಅದಕ್ಕೆ ಬಿಸಿ ಇಸ್ತ್ರಿ ತಾಗಿಸ್ಲೇಬೇಡಿ, ಸ್ಟೀಮ್ ಬಿದ್ರೆ ಉಬ್ಬೆಲ್ಲಾ ಸತ್ತು ಬಟ್ಟೆ ಜೋತುಬೀಳುತ್ತೆ, ಮತ್ತೆ ಏಳಲ್ಲ. ಕಾಟನ್‌ಗೆ ಎಳೆತ ಇರಲ್ಲ, ಟೆನ್ಷನ್ (ದಾರದ ಬಿಗಿ) ಸ್ವಲ್ಪ ಸಡಿಲ ಇಟ್ಟು ದಾರಕ್ಕೆ ಮೇಣ ತಾಗಿಸ್ಕೊಂಡು ಹೆಣೆದ್ರೆ ಟಕ್ ಚೆನ್ನಾಗಿ ಕೂರುತ್ತೆ, ನಮ್ಮ ಹವೆಗೂ ಅದೇ ವಾಸಿ. ಅಪ್ಪಟ ಉಣ್ಣೆ ಸಿಕ್ಕಿದ್ರಂತೂ, ಉಣ್ಣೆ ಒಂದು ಪಟ್ಟೆ ಕಾಟನ್ ಒಂದು ಪಟ್ಟೆ ಸಡಿಲವಾಗಿ ಹೆಣೆದು ಬಿಸಿನೀರು ಸೋಪಲ್ಲಿ ಚೆನ್ನಾಗಿ ಉಜ್ಜಿ ನೋಡಿ, ಉಣ್ಣೆ ಕುಗ್ಗಿ ಗಟ್ಟಿಯಾಗುತ್ತೆ, ಕಾಟನ್ ಕುಗ್ಗೋಕಾಗದೆ ನೆರಿಗೆ ನೆರಿಗೆಯಾಗಿ ಮೇಲೇಳುತ್ತೆ. ಮಷೀನ್‌ವಾಶ್ ಅಂತ ಬರೆದಿರೋ ಉಣ್ಣೆ ಆಗಲ್ಲ, ಅದು ಕುಗ್ಗದ ಹಾಗೆ ಟ್ರೀಟ್ ಮಾಡಿರೋದು. ಮತ್ತೆ ಏನೇ ಮಾಡಿದ್ರೂ ಮೊದ್ಲು ಸಣ್ಣ ಸ್ಯಾಂಪಲ್ ಹೆಣೆದು, ಒಗೆದು, ಒಣಗಿಸಿ ಅಳತೆ ತಗೊಳ್ಳಿ, ಟಕ್ ಬಟ್ಟೆ ಅಗಲಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತೆ, ಪ್ಲೇನ್ ಲೆಕ್ಕ ಇಟ್ಕೊಂಡು ಸ್ವೆಟರ್ ಶುರು ಮಾಡಿದ್ರೆ ಯಾರಿಗೂ ಆಗಲ್ಲ.

ಇನ್ನು ಗುಜರಿ ವಿಷಯ. ಬ್ರದರ್ ಕಂಪನಿ 1990ರ ದಶಕದ ಕೊನೆಗೆ ಮನೆ ನಿಟ್ಟಿಂಗ್ ಮಷೀನ್ ಮಾಡೋದನ್ನೇ ನಿಲ್ಲಿಸ್ತು, ಹಾಗಾಗಿ ಮನೆಗಳಲ್ಲಿ ಇರೋ ಬ್ರದರ್ ಮಷೀನೆಲ್ಲಾ ಹಳೇದೇ. ನಮ್ಮ ಪಕ್ಕದ ಬೀದಿ ಆಂಟಿ ಮಷೀನ್ ಲೂಪ್ ಬೀಳಿಸ್ತಿತ್ತು, ಸೂಜಿ ಮೇಲಕ್ಕೆದ್ದು ಕ್ಯಾರೇಜ್ ಸಿಕ್ಕಾಕೊಳ್ತಿತ್ತು, ರಿಪೇರಿಯವರೊಬ್ರು ಇದರ ಆಯಸ್ಸು ಮುಗೀತು ಅಂದ್ಬಿಟ್ರಂತೆ. ಸೂಜಿಗಳ ಮೇಲೆ ಅಡ್ಡಲಾಗಿ ಒಂದು ಉದ್ದನೆ ಪಟ್ಟಿ ಇರುತ್ತೆ, ಅದನ್ನ ಪಕ್ಕದಿಂದ ಎಳೆದು ತೆಗೆದ್ರೆ ಒಳಗೆ ಸ್ಪಂಜ್, ವರ್ಷ ಕಳೆದ ಹಾಗೆ ಅದು ಅಂಟಂಟಾಗಿ ಚಪ್ಪಟೆ ಆಗಿಹೋಗುತ್ತೆ, ಸೂಜಿಯನ್ನ ಒತ್ತಿ ಹಿಡಿಯೋದು ಆ ಸ್ಪಂಜೇ. ಹಳೇದು ಕೆರೆದು ಅದೇ ಅಳತೆಗೆ ಹೊಸ ಫೋಮ್ ಕತ್ತರಿಸಿ ಕೂರಿಸಿ, ಗಟ್ಟಿಯಾದ ಹಳೆ ಎಣ್ಣೆ ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಬಿಟ್ಮೇಲೆ ಆ ಮಷೀನ್ ಈಗ ಸಲೀಸಾಗಿ ಓಡ್ತಿದೆ. ಕೆಟ್ಟಿದೆ ಅಂತ ಮಾರೋಕೆ ಹೊರಟಿರೋರು ದಯವಿಟ್ಟು ಮೊದ್ಲು ಆ ಪಟ್ಟಿ ಎಳೆದು ನೋಡಿ.

ನನ್ನ ಕೋರಿಕೆ ಏನಂದ್ರೆ, ಇಷ್ಟೆಲ್ಲಾ ಕಲಿಯೋಕೆ ನಂಗೆ ಸಿಕ್ಕಿದ್ದೆಲ್ಲಾ ಇಂಗ್ಲಿಷ್ ಮ್ಯಾನ್ಯುಯಲ್ಲೇ, ಕನ್ನಡದಲ್ಲಿ ಒಂದು ಪುಟಾನೂ ಸಿಗ್ಲಿಲ್ಲ, ಹೊಲಿಗೆ ಕ್ಲಾಸ್‌ಗಳಲ್ಲಿ ಬ್ಲೌಸ್, ಎಂಬ್ರಾಯ್ಡರಿ ಹೇಳ್ಕೊಡ್ತಾರೆ, ಇದನ್ನ ಹೇಳ್ಕೊಡೋರು ನಂಗಂತೂ ಸಿಕ್ಕಿಲ್ಲ. ಮಲೆನಾಡಲ್ಲಿ, ಕೊಡಗಲ್ಲಿ ಮಳೆಗಾಲ ಪೂರ್ತಿ ಸ್ವೆಟರ್ ಹಾಕೋ ನಾವು ರೆಡಿಮೇಡ್ ತಗೊಂಡೇ ಕಾಲ ಹಾಕ್ತಿದೀವಿ. ವಾರಕ್ಕೆ ಒಂದು ಅಂಕಣ ಕೊಡಿ ಸರ್, ಒಂದೊಂದು ವಾರ ಒಂದೊಂದು ಟೆಕ್ನಿಕ್, ಟಕ್ ಒಂದ್ಸಲ, ಮಡಿಕೆ ಒಂದ್ಸಲ, ಜಡೆ ಥರ ಕಾಣೋ ಕೇಬಲ್ ಒಂದ್ಸಲ, ಬರೆಯೋಕೆ ನಾನೂ ತಯಾರಿದೀನಿ, ನನಗಿಂತ ಚೆನ್ನಾಗಿ ಗೊತ್ತಿರೋರು ಬರೆದ್ರೆ ಇನ್ನೂ ಸಂತೋಷ. ಒಂದೇ ಒಂದು ಮಾತು, ಫೋಟೊ ಹಾಕೋದಾದ್ರೆ ಉಲ್ಟಾ ಸೈಡಿನದ್ದೇ ಹಾಕಿ, ಬೆಳಕು ಪಕ್ಕದಿಂದ ಬೀಳೋ ಹಾಗೆ ತೆಗೆಸಿ, ಎದುರಿಂದ ಫ್ಲಾಶ್ ಹೊಡೆದ್ರೆ ಉಬ್ಬು ಒಂಚೂರೂ ಕಾಣಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ಚಿಕ್ಕಮಗಳೂರು